ಹುಡುಗರ ಜೊತೆ, ಹುಡುಗರ ಕೋಚ್ ಜೊತೆ: ಇಂಗ್ಲಿಷಿನ ಅಪಾಸ್ಟ್ರಫಿ ಎಲ್ಲಿ ಬೇಕು, ಎಲ್ಲಿ ಬೇಡ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮೇಲ್ ಬರೆದಿದ್ದೆ. ಎರಡು ದಿನ ಅಪ್ಪ ಅಮ್ಮನ ಜೊತೆ ಇರುತ್ತೇನೆ, ಫೋನಿಗೆ ಸಿಗದೆ ಇರಬಹುದು ಅಂತ. ಇಂಗ್ಲಿಷಿನಲ್ಲಿ ಬರೆದದ್ದು ಹೀಗೆ: “ಐ ವಿಲ್ ಬಿ ವಿತ್ ಮೈ ಪೇರೆಂಟ್ಸ್’.” ಕೊನೆಯಲ್ಲಿ ತೂಗುತ್ತಿರುವ ಆ ಪುಟ್ಟ ಗುರುತು ಇದೆಯಲ್ಲ, ಅಪಾಸ್ಟ್ರಫಿ, ಅದು ಕೈತಪ್ಪಿ ಬಿದ್ದದ್ದಲ್ಲ. ಯೋಚನೆ ಮಾಡಿಯೇ ಹಾಕಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರಿಂದ ಒಂದೇ ಸಾಲಿನ ಉತ್ತರ ಬಂತು: “ಅಪ್ಪ ಅಮ್ಮನ ಏನಿನ ಜೊತೆ? ಕಾರಾ, ನಾಯೀನಾ?”

ನಗುವೂ ಬಂತು, ನಾಚಿಕೆಯೂ ಆಯಿತು. ಆಮೇಲೆ ಕೂತು ನೋಡಿದಾಗ ತಪ್ಪಿನ ಬೇರು ನನ್ನ ಕನ್ನಡದಲ್ಲೇ ಸಿಕ್ಕಿತು. ನಾವು “ಹುಡುಗರ ಚೆಂಡು” ಅನ್ನುತ್ತೇವೆ. “ಹುಡುಗರ ಜೊತೆ” ಅಂತಲೂ ಅನ್ನುತ್ತೇವೆ. ಎರಡು ಕಡೆಯೂ ಅದೇ “ಹುಡುಗರ”. ಶಾಲೆಯಲ್ಲಿ ಷಷ್ಠಿ ವಿಭಕ್ತಿ ಅಂತ ಕಲಿತದ್ದು ಇದನ್ನೇ. ಒಡೆತನ ಹೇಳುವುದಕ್ಕೂ ಅದು ಬೇಕು. ಜೊತೆ, ಬಗ್ಗೆ, ಮೇಲೆ, ನಡುವೆ, ಹತ್ತಿರ ಇಂಥ ಮಾತುಗಳ ಹಿಂದೆಯೂ ಅದೇ ಬೇಕು. ಇಂಗ್ಲಿಷಿನ ಅಪಾಸ್ಟ್ರಫಿ ಈ ಎರಡನೇ ಕೆಲಸ ಮಾಡುವುದಿಲ್ಲ. “ವಿತ್” ಬಂತು, “ಅಬೌಟ್” ಬಂತು ಅನ್ನುವ ಕಾರಣಕ್ಕೆ ಅದು ಬರುವುದಿಲ್ಲ. ಅದರ ಮುಂದೆ ಯಾರದ್ದೋ ಒಂದು ಸೊತ್ತು ಇರಬೇಕು. ಸೊತ್ತು ಅಂದರೆ ಕಾರು, ನಾಯಿಯೇ ಆಗಬೇಕಿಲ್ಲ. ಅಭಿಪ್ರಾಯ, ಆರೋಗ್ಯ, ರಜೆ ಎಲ್ಲವೂ ನಡೆಯುತ್ತದೆ.

ಈ ಒಂದು ವಿಷಯ ತಲೆಯಲ್ಲಿ ಕೂತರೆ ಅರ್ಧ ದಾರಿ ಸಾಗಿದ ಹಾಗೆ. ಉಳಿದ ಅರ್ಧಕ್ಕೆ ಐದು ಹೆಜ್ಜೆ ಇದೆ.

ಶುರು ಮಾಡುವ ಮೊದಲು ಓದುವ ಕ್ರಮ ಹೇಳಿಬಿಡುತ್ತೇನೆ. ಉದಾಹರಣೆಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಎಸ್ ಅಕ್ಷರ ಇರುವ ಕಡೆ ಇಲ್ಲಿ “ಸ್” ಇರುತ್ತದೆ. “ಬಾಯ್’ಸ್” ಅಂದರೆ ಗುರುತು ಎಸ್‌ಗಿಂತ ಮೊದಲು ಇದೆ. “ಬಾಯ್ಸ್’” ಅಂದರೆ ಎಸ್ ಆದಮೇಲೆ ಇದೆ. ಬರೀ “ಬಾಯ್ಸ್” ಅಂದರೆ ಗುರುತೇ ಇಲ್ಲ. ಮೂರನ್ನೂ ಜೋರಾಗಿ ಓದಿದರೆ ಒಂದೇ ಥರ ಕೇಳಿಸುತ್ತದೆ. ತೊಂದರೆ ಇರುವುದೇ ಅಲ್ಲಿ. ಮಾತಾಡುವಾಗ ಯಾರಿಗೂ ಗೊತ್ತಾಗದ ತಪ್ಪು ಬರೆಯುವಾಗ ಎದ್ದು ಕಾಣುತ್ತದೆ.

ಹೆಜ್ಜೆ 1: ಮೊದಲು ಸೊತ್ತು ಹುಡುಕಿ

ಅಪಾಸ್ಟ್ರಫಿ ಹಾಕಬೇಕು ಅನಿಸಿದ ಪದದ ಮುಂದೆ ಏನಿದೆ ನೋಡಿ. “ಯಾರ ಏನು?” ಅಂತ ಕೇಳಿ. “ದಿ ವರ್ಕರ್ಸ್’ ಡಿಮ್ಯಾಂಡ್ಸ್”: ಕೆಲಸಗಾರರ ಏನು? ಬೇಡಿಕೆಗಳು. ಉತ್ತರ ಸಿಕ್ಕಿತು, ಗುರುತು ಬೇಕು. “ದಿ ವರ್ಕರ್ಸ್ ಡಿಮ್ಯಾಂಡ್ ಮೋರ್”: ಇಲ್ಲಿ “ಡಿಮ್ಯಾಂಡ್” ಕ್ರಿಯಾಪದ. ಕೆಲಸಗಾರರು ಕೇಳುತ್ತಿದ್ದಾರೆ ಅಷ್ಟೇ, ಅವರದ್ದು ಅನ್ನುವ ವಸ್ತು ಯಾವುದೂ ಇಲ್ಲ. ಗುರುತು ಬೇಡ.

ಅನುಮಾನ ಬಂದರೆ “ಆಫ್” ಹಾಕಿ ತಿರುಗಿಸಿ ನೋಡಿ. “ದಿ ಡಿಮ್ಯಾಂಡ್ಸ್ ಆಫ್ ದಿ ವರ್ಕರ್ಸ್” ಅಂದರೆ ಅರ್ಥ ಕೆಡಲಿಲ್ಲ, ಅಲ್ವಾ? ಹಾಗಾದರೆ ಒಡೆತನ ಇದೆ. ತಿರುಗಿಸಿದಾಗ ಅಸಂಬದ್ಧ ಆದರೆ ಇಲ್ಲ.

ಸುಮ್ನೆ ಬಹುವಚನ ಆಗಿದೆ ಅನ್ನುವ ಕಾರಣಕ್ಕೆ ಗುರುತು ಹಾಕುವ ಅಭ್ಯಾಸ ಇಂಗ್ಲಿಷನ್ನೇ ಆಡಿ ಬೆಳೆದವರಲ್ಲೂ ಇದೆ. ತರಕಾರಿ ಅಂಗಡಿಗಳ ಬೋರ್ಡುಗಳಲ್ಲಿ ಜಾಸ್ತಿ ಕಾಣುತ್ತದೆ ಅಂತ ಅವರು ಅದಕ್ಕೆ ತರಕಾರಿ ಮಾರುವವನ ಅಪಾಸ್ಟ್ರಫಿ ಅಂತಲೇ ಹೆಸರಿಟ್ಟಿದ್ದಾರೆ. ಹಾಗಾಗಿ ನಮಗೊಬ್ಬರಿಗೇ ನಾಚಿಕೆ ಬೇಡ.

ಹೆಜ್ಜೆ 2: ಒಡೆಯರು ಎಷ್ಟು ಜನ?

ಇಲ್ಲಿ ಕನ್ನಡ ನಮಗೆ ದೊಡ್ಡ ಸಹಾಯ ಮಾಡುತ್ತದೆ. ಇಂಗ್ಲಿಷಿನ ಕಿವಿಗೆ ಒಂದೇ ಆಗಿರುವ ಮೂರು ರೂಪಗಳನ್ನು ನಾವು ಬೇರೆ ಬೇರೆಯಾಗಿಯೇ ಉಚ್ಚರಿಸುತ್ತೇವೆ. “ಹುಡುಗನ” ಅಂದರೆ “ಬಾಯ್’ಸ್”. “ಹುಡುಗರ” ಅಂದರೆ “ಬಾಯ್ಸ್’”. “ಹುಡುಗರು” ಅಂದರೆ “ಬಾಯ್ಸ್”. ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡರೆ ಮುಕ್ಕಾಲು ಸಲ ಉತ್ತರ ತಾನಾಗಿ ಸಿಗುತ್ತದೆ.

ಉಳಿದ ಕಾಲು ಭಾಗದಲ್ಲಿ ಎರಡು ಹಳ್ಳಗಳಿವೆ. ನಾನು ಎರಡಕ್ಕೂ ಬಿದ್ದು ಎದ್ದವನು.

ಮೊದಲನೆಯದು ಗೌರವದ ಬಹುವಚನ. “ಅಧ್ಯಕ್ಷರ ಭಾಷಣ” ಅನ್ನುತ್ತೇವೆ. ಅಧ್ಯಕ್ಷರು ಒಬ್ಬರೇ. ಮರ್ಯಾದೆಗೆ “ರ” ಬಂದಿದೆ. ಇಂಗ್ಲಿಷಿಗೆ ಈ ಮರ್ಯಾದೆ ಗೊತ್ತಿಲ್ಲ. “ದಿ ಪ್ರೆಸಿಡೆಂಟ್’ಸ್ ಸ್ಪೀಚ್” ಅಂತಲೇ ಬರೆಯಬೇಕು. “ಪ್ರೆಸಿಡೆಂಟ್ಸ್’” ಅಂತ ಬರೆದರೆ ಒಂದೇ ಭಾಷಣವನ್ನು ಹಲವು ಅಧ್ಯಕ್ಷರು ಸೇರಿ ಮಾಡಿದ ಹಾಗಾಯಿತು. ವೈದ್ಯರ ಸಲಹೆ, ಮೇಷ್ಟ್ರ ಕುರ್ಚಿ, ನಿರ್ದೇಶಕರ ಸಹಿ ಎಲ್ಲದಕ್ಕೂ ಇದೇ ಮಾತು. ಗೌರವವನ್ನು ಪಕ್ಕಕ್ಕಿಟ್ಟು ತಲೆ ಎಣಿಸಿ.

ಎರಡನೆಯದು ಇದರ ಉಲ್ಟಾ. “ಎರಡು ವಾರದ ರಜೆ”, “ಹತ್ತು ನಿಮಿಷದ ದಾರಿ” ಅನ್ನುತ್ತೇವೆ. ಎರಡು ಅಂತ ಹೇಳಿಯಾಯಿತಲ್ಲ, ಮತ್ತೆ “ವಾರಗಳ” ಯಾಕೆ ಅಂತ ಕನ್ನಡ ಅಲ್ಲಿ ಬಹುವಚನ ಬಿಟ್ಟುಬಿಡುತ್ತದೆ. ಇಂಗ್ಲಿಷ್ ಬಿಡುವುದಿಲ್ಲ. “ಟೂ ವೀಕ್ಸ್’ ಲೀವ್”, “ಟೆನ್ ಮಿನಿಟ್ಸ್’ ವಾಕ್”. ಕನ್ನಡದ “ವಾರದ” ಏಕವಚನವನ್ನು ಹಾಗೇ ಎತ್ತಿಕೊಂಡು “ಟೂ ವೀಕ್’ಸ್ ಲೀವ್” ಅಂತ ಬರೆಯುವವರು ತುಂಬ ಜನ. ರಜೆ ಅರ್ಜಿಗಳಲ್ಲಿ ಇದಕ್ಕಿಂತ ಜಾಸ್ತಿ ಸಲ ಬೇರೆ ತಪ್ಪು ನಾನು ನೋಡಿಲ್ಲ.

ಹೆಜ್ಜೆ 3: ಬಹುವಚನ ಪೂರ್ತಿ ಬರೆದು, ಆಮೇಲೆ ಗುರುತು

ಕನ್ನಡದಲ್ಲಿ ಮೊದಲು “ಗಳು”, ಆಮೇಲೆ ಒಡೆತನದ “ಅ”. ಪುಸ್ತಕ, ಪುಸ್ತಕಗಳು, ಪುಸ್ತಕಗಳ. ಇಂಗ್ಲಿಷಿನ ಕ್ರಮವೂ ಅದೇ. ಒಂದು ಪದ, ಅದರ ಬಹುವಚನ, ಆಮೇಲೆ ಗುರುತು. ಮಧ್ಯದ ಮೆಟ್ಟಿಲು ಹಾರಿದರೆ ಕಾಲು ಜಾರುತ್ತದೆ.

ಬಹುವಚನ ಎಸ್‌ನಲ್ಲಿ ಮುಗಿದರೆ ಬರೀ ಗುರುತು ಸಾಕು: “ಸ್ಟೂಡೆಂಟ್ಸ್’”, “ನೇಬರ್ಸ್’”, “ಬೇಬೀಸ್’”, “ಫ್ಯಾಮಿಲೀಸ್’”, “ವೈವ್ಸ್’”. ಎಸ್ ಇಲ್ಲದೆ ಮುಗಿದರೆ ಗುರುತು ಹಾಕಿ ಆಮೇಲೆ ಎಸ್: “ಚಿಲ್ಡ್ರನ್’ಸ್”, “ವಿಮೆನ್’ಸ್”, “ಮೆನ್’ಸ್”, “ಪೀಪಲ್’ಸ್”. ನಿಯಮ ಇಷ್ಟೇ.

ಸರಿಯಾಗಿದೆಯಾ ಅಂತ ನೋಡಲು ನನ್ನದೊಂದು ಹೆಬ್ಬೆರಳಿನ ಪರೀಕ್ಷೆ ಇದೆ. ಗುರುತಿನಿಂದ ಹಿಡಿದು ಪದದ ಕೊನೆಯವರೆಗೆ ಹೆಬ್ಬೆರಳಿನಿಂದ ಮುಚ್ಚಿ. ಹೊರಗೆ ಉಳಿದದ್ದು ಒಡೆಯರ ಪೂರ್ತಿ ಹೆಸರಾಗಿರಬೇಕು. “ಸ್ಟೂಡೆಂಟ್ಸ್’” ಮುಚ್ಚಿದರೆ “ಸ್ಟೂಡೆಂಟ್ಸ್” ಉಳಿಯಿತು. ವಿದ್ಯಾರ್ಥಿಗಳು, ಸರಿ. “ಚಿಲ್ಡ್ರನ್’ಸ್” ಮುಚ್ಚಿದರೆ “ಚಿಲ್ಡ್ರನ್”, ಮಕ್ಕಳು, ಸರಿ. “ವಿಮೆನ್ಸ್’” ಅಂತ ಬರೆದಿದ್ದರೆ ಉಳಿಯುವುದು “ವಿಮೆನ್ಸ್”. ಅಂಥ ಪದವೇ ಇಲ್ಲ. ಹಾಗೆಯೇ ಲೇಡಿ ಪದದ ಬಹುವಚನದಲ್ಲಿ ವೈ ಹೋಗಿ ಐ, ಇ, ಎಸ್ ಬರುತ್ತದೆ. ಗುರುತನ್ನು ಇ ಮತ್ತು ಎಸ್ ನಡುವೆ ತೂರಿಸಿದರೆ ಬೆರಳಿನ ಹೊರಗೆ ಅರ್ಧಂಬರ್ಧ ಪದ ಉಳಿಯುತ್ತದೆ. ಅಲ್ಲಿ ತಪ್ಪು ಸಿಕ್ಕಿಬಿತ್ತು.

ಈ ಒಂದು ಗುರುತಿನ ಜಾಗ ಎಷ್ಟು ಹೇಳಬಲ್ಲದು ಅನ್ನುವುದಕ್ಕೆ ಇಂಗ್ಲೆಂಡಿನ ಎರಡು ಕಾಲೇಜುಗಳಿವೆ. ಆಕ್ಸ್‌ಫರ್ಡಿನಲ್ಲಿ 1341ರಲ್ಲಿ ಶುರುವಾದದ್ದು “ಕ್ವೀನ್’ಸ್ ಕಾಲೇಜ್”. ಹೆಸರು ಬಂದದ್ದು ಒಬ್ಬಳೇ ರಾಣಿ, ಫಿಲಿಪ್ಪಾಳಿಂದ. ಕೇಂಬ್ರಿಡ್ಜಿನದ್ದು “ಕ್ವೀನ್ಸ್’ ಕಾಲೇಜ್”. 1448ರಲ್ಲಿ ಆಂಜೂವಿನ ಮಾರ್ಗರೆಟ್ ಅದನ್ನು ಸ್ಥಾಪಿಸಿದಳು. 1465ರಲ್ಲಿ ಎಲಿಜಬೆತ್ ವುಡ್‌ವಿಲ್ ಮತ್ತೆ ಸ್ಥಾಪಿಸಿದಳು. ರಾಣಿಯರು ಇಬ್ಬರು, ಹಾಗಾಗಿ ಗುರುತು ಎಸ್ ದಾಟಿ ಆಚೆ ಹೋಗಿದೆ. ಹೆಸರನ್ನು ಕೂಗಿ ಕರೆದರೆ ಎರಡೂ ಒಂದೇ.

ಹೆಜ್ಜೆ 4: ಗುಣವಾಚಕ ಎಲ್ಲಿ ನಿಲ್ಲುತ್ತದೆ?

ದೊಡ್ಡ ಹುಡುಗ, ದೊಡ್ಡ ಹುಡುಗರು. ನಮ್ಮಲ್ಲಿ “ದೊಡ್ಡ” ಬದಲಾಗುವುದಿಲ್ಲ. ಇಂಗ್ಲಿಷಿನಲ್ಲೂ “ಬಿಗ್” ಹಾಗೇ ಇರುತ್ತದೆ. “ದಿ ಬಿಗ್ ಬಾಯ್ಸ್’ ಟೀಮ್”. ಎಸ್ ಆಗಲಿ ಗುರುತಾಗಲಿ ಗುಣವಾಚಕಕ್ಕೆ ಅಂಟುವುದಿಲ್ಲ, ಹೆಸರಿಗೆ, ಅಂದರೆ ನಾಮಪದಕ್ಕೆ ಮಾತ್ರ. ಇಷ್ಟು ಸುಲಭ.

ಕಷ್ಟ ಇರುವುದು ಜಾಗದಲ್ಲಿ. “ಹೊಸ ಶಿಕ್ಷಕರ ಕೋಣೆ” ಅಂದರೆ ಶಿಕ್ಷಕರು ಹೊಸಬರೋ, ಕೋಣೆ ಹೊಸದೋ? ಕನ್ನಡದಲ್ಲೂ ಗೊಂದಲವೇ. “ದಿ ನ್ಯೂ ಟೀಚರ್ಸ್’ ರೂಮ್” ಕಥೆಯೂ ಇದೇ. ಕೋಣೆ ಹೊಸದು ಅಂತ ಹೇಳಬೇಕಿದ್ದರೆ ಗುಣವಾಚಕವನ್ನು ಗುರುತು ದಾಟಿಸಿ ಆಚೆ ಇಡಿ: “ದಿ ಟೀಚರ್ಸ್’ ನ್ಯೂ ರೂಮ್”. ಶಿಕ್ಷಕರ ಹೊಸ ಕೋಣೆ. ಈಗ ಸಂಶಯಕ್ಕೆ ಜಾಗವಿಲ್ಲ. ಹೊಸಬರು ಶಿಕ್ಷಕರೇ ಆಗಿದ್ದರೆ “ದಿ ರೂಮ್ ಫಾರ್ ದಿ ನ್ಯೂ ಟೀಚರ್ಸ್” ಅಂತ ಬಿಡಿಸಿ ಹೇಳಿ. ಸ್ವಲ್ಪ ಉದ್ದ ಆಗುತ್ತದೆ, ಆಗಲಿ. “ಓಲ್ಡ್ ಮೆನ್’ಸ್ ಕ್ಲೋತ್ಸ್” ಅಂತ ಬರೆದು ಓದುವವರನ್ನು ಒಗಟು ಬಿಡಿಸಲು ಕೂರಿಸುವುದಕ್ಕಿಂತ ಮೇಲು. ಅದು ಮುದುಕರ ಬಟ್ಟೆಯೂ ಆಗಬಹುದು, ಗಂಡಸರ ಹಳೆ ಬಟ್ಟೆಯೂ ಆಗಬಹುದು.

ಇದಕ್ಕಿಂತ ಸೂಕ್ಷ್ಮವಾದದ್ದು “ಎ”, “ದಿಸ್”, “ದೀಸ್” ಇವುಗಳ ವಿಷಯ. “ಎ ವಿಮೆನ್’ಸ್ ಮ್ಯಾಗಜೀನ್” ನೋಡಿ. “ಎ” ಅಂದರೆ ಒಂದು. “ವಿಮೆನ್” ಬಹುವಚನ. ಒಂದು ಹೆಂಗಸರು ಅಂತ ಹೇಳಿದ ಹಾಗೆ ಆಗಲಿಲ್ವಾ? ಆಗಲಿಲ್ಲ. “ಎ” ಸೇರಿರುವುದು ಮ್ಯಾಗಜೀನಿಗೆ. ಒಂದು ಪತ್ರಿಕೆ, ಹೆಂಗಸರದ್ದು. ಅದೇ ಲೆಕ್ಕದಲ್ಲಿ “ದಿಸ್ ಗರ್ಲ್ಸ್’ ಸ್ಕೂಲ್” ಅಂದರೆ ಈ ಬಾಲಕಿಯರ ಶಾಲೆ, ಅಂದರೆ ಬಾಲಕಿಯರಿಗಾಗಿ ಇರುವ ಈ ಶಾಲೆ. “ದೀಸ್ ಗರ್ಲ್ಸ್’ ಸ್ಕೂಲ್” ಅಂದರೆ ಇಲ್ಲಿ ನಿಂತಿರುವ ಈ ಹುಡುಗಿಯರು ಓದುವ ಶಾಲೆ. ಎರಡೂ ಸರಿ, ಅರ್ಥ ಬೇರೆ. ಗುರುತು ಮಾತ್ರ ಎರಡರಲ್ಲೂ ಒಂದೇ ಕಡೆ ಇದೆ. “ದಿಸ್” ಕಂಡ ಕೂಡಲೇ ಗಾಬರಿಯಾಗಿ ಗುರುತನ್ನು ಎಸ್‌ನ ಹಿಂದಕ್ಕೆ ಎಳೆಯಬೇಡಿ. ಹಾಗೆ ಎಳೆದರೆ ಒಬ್ಬಳೇ ಹುಡುಗಿಯ ಶಾಲೆಯಾಗುತ್ತದೆ.

ಎಣಿಕೆ ಹೇಳುವ ಪದಗಳು ಬಂದರೆ ನೆಮ್ಮದಿ. “ಟೂ”, “ಮೆನಿ”, “ಸೆವರಲ್”, “ಬೋತ್”, “ದೀಸ್” ಇವು ಒಡೆಯರ ಹಿಂದೆಯೇ ನಿಂತು ಅವರನ್ನು ಎಣಿಸುತ್ತಿದ್ದರೆ ಒಡೆಯರು ಒಬ್ಬರಿಗಿಂತ ಜಾಸ್ತಿ ಅಂತಲೇ ಅರ್ಥ: “ಬೋತ್ ಟೀಮ್ಸ್’ ಪ್ಲೇಯರ್ಸ್”, “ಮೆನಿ ರೀಡರ್ಸ್’ ಲೆಟರ್ಸ್”, “ಮೈ ಟೂ ಬ್ರದರ್ಸ್’ ವೈವ್ಸ್”. ಇದಕ್ಕೆ ಉಲ್ಟಾ “ಈಚ್” ಮತ್ತು “ಎವ್ರಿ”. ಅರ್ಥದಲ್ಲಿ ಎಲ್ಲರೂ ಸೇರಿದ್ದರೂ ಅವುಗಳ ಮುಂದೆ ಏಕವಚನವೇ ಬರುವುದು: “ಎವ್ರಿ ಸ್ಟೂಡೆಂಟ್’ಸ್ ನೇಮ್”. “ಈಚ್ ಅದರ್’ಸ್” ಕೂಡ ಯಾವಾಗಲೂ ಹೀಗೇ, ಜನ ಎಷ್ಟೇ ಇರಲಿ.

ಕಾಲ ಹೇಳುವ ಎಣಿಕೆಗೆ ಇನ್ನೊಂದು ಬಾಗಿಲೂ ಇದೆ. “ಟೂ ವೀಕ್ಸ್’ ಲೀವ್” ಅಂತ ಬರೆಯಿರಿ, ಇಲ್ಲವಾದರೆ “ಎ ಟೂ-ವೀಕ್ ಬ್ರೇಕ್” ಅಂತ ನಡುವೆ ಅಡ್ಡಗೆರೆ ಹಾಕಿ ಬರೆಯಿರಿ. ಅಡ್ಡಗೆರೆ ಬಂದರೆ ಎರಡೂ ಸೇರಿ ಒಂದೇ ಗುಣವಾಚಕ ಆಯಿತು. ಆಗ ಎಸ್ ಇಲ್ಲ, ಗುರುತೂ ಇಲ್ಲ. ಎರಡನ್ನೂ ಬೆರೆಸಿ “ಟೂ-ವೀಕ್ಸ್’” ಅಂತ ಬರೆಯಬೇಡಿ. ನನಗೆ ಅಡ್ಡಗೆರೆಯದ್ದೇ ಇಷ್ಟ, ತಪ್ಪಾಗುವ ಜಾಗ ಕಡಿಮೆ.

ಇತಿಹಾಸದ ಪುಸ್ತಕಗಳಲ್ಲಿ ಎಣಿಕೆ ಮತ್ತು ಗುರುತು ಎರಡೂ ಇರುವ ಹೆಸರುಗಳು ಸಿಗುತ್ತವೆ. “ಸೆವೆನ್ ಇಯರ್ಸ್’ ವಾರ್” 1756ರಿಂದ 1763. “ಥರ್ಟಿ ಇಯರ್ಸ್’ ವಾರ್” 1618ರಿಂದ 1648. “ಹಂಡ್ರೆಡ್ ಇಯರ್ಸ್’ ವಾರ್” 1337ರಿಂದ 1453. ಲೆಕ್ಕ ಹಾಕಿದರೆ ಕೊನೆಯದು ನೂರಲ್ಲ, ನೂರ ಹದಿನಾರು ವರ್ಷ. ಅಪಾಸ್ಟ್ರಫಿ ಸರಿಯಾಗಿದೆ, ಗಣಿತ ತಪ್ಪಿದೆ.

“ದಿ ಪೂರ್”, “ದಿ ರಿಚ್”, “ದಿ ಬ್ಲೈಂಡ್” ಅಂತ ಗುಣವಾಚಕವೇ ಜನರ ಗುಂಪಿನ ಹೆಸರಾಗುವುದುಂಟು. ಅರ್ಥ ಬಹುವಚನ, ರೂಪದಲ್ಲಿ ಎಸ್ ಇಲ್ಲ. ಇವುಗಳಿಗೆ ಗುರುತು ಅಂಟಿಸಲು ಹೋಗದೆ “ದಿ ಪ್ರಾಬ್ಲಮ್ಸ್ ಆಫ್ ದಿ ಪೂರ್” ಅಂತ “ಆಫ್” ಬಳಸಿ. “ಪೂರ್ ಪೀಪಲ್’ಸ್ ಪ್ರಾಬ್ಲಮ್ಸ್” ಆದರೂ ಆದೀತು.

ಹೆಜ್ಜೆ 5: ಪ್ರಿಪೊಸಿಷನ್ ಕಂಡರೆ ನಿಂತು, ಮುಂದೆ ನೋಡಿ

ಈಗ ನನ್ನ ಮೇಲ್‌ಗೆ ಬರೋಣ. “ವಿತ್”, “ಫಾರ್”, “ಅಬೌಟ್”, “ಫ್ರಮ್”, “ಬಿಟ್ವೀನ್”, “ಅಗೇನ್ಸ್ಟ್” ಇವುಗಳಲ್ಲಿ ಯಾವುದೇ ಬರಲಿ, ಅದರ ಮುಂದಿನ ಹೆಸರು ಸಾದಾ ಬಹುವಚನದಲ್ಲೇ ಇರುತ್ತದೆ. “ವಿತ್ ದಿ ಬಾಯ್ಸ್”, ಹುಡುಗರ ಜೊತೆ. “ಅಬೌಟ್ ದಿ ನೇಬರ್ಸ್”, ನೆರೆಯವರ ಬಗ್ಗೆ. “ಬಿಟ್ವೀನ್ ದಿ ಟೀಮ್ಸ್”, ತಂಡಗಳ ನಡುವೆ. ಕನ್ನಡದಲ್ಲಿ ಮೂರು ಕಡೆಯೂ ಷಷ್ಠಿ ಇದೆ, ಇಂಗ್ಲಿಷಿನಲ್ಲಿ ಒಂದು ಕಡೆಯೂ ಗುರುತಿಲ್ಲ.

ಸೊತ್ತು ಬಂದು ನಿಂತ ಕೂಡಲೇ ಗುರುತು ಬರುತ್ತದೆ. “ವಿತ್ ದಿ ಬಾಯ್ಸ್’ ಕೋಚ್”, ಹುಡುಗರ ಕೋಚ್ ಜೊತೆ. “ಅಬೌಟ್ ದಿ ನೇಬರ್ಸ್’ ಡಾಗ್”, ನೆರೆಯವರ ನಾಯಿಯ ಬಗ್ಗೆ. ಇಲ್ಲಿ “ವಿತ್” ಹಿಡಿದಿರುವುದು ಕೋಚನ್ನು. ಹುಡುಗರು ನಡುವೆ ಬಂದು ಯಾರ ಕೋಚ್ ಅಂತ ಹೇಳುತ್ತಿದ್ದಾರೆ ಅಷ್ಟೇ.

ಕನ್ನಡದಲ್ಲೇ ಪರೀಕ್ಷೆ ಮಾಡಬಹುದು. “ಹುಡುಗರ” ಆದಮೇಲೆ ನೇರವಾಗಿ ಜೊತೆ, ಬಗ್ಗೆ, ನಡುವೆ ಬಂತಾ? ಗುರುತು ಬೇಡ. ನಡುವೆ ಇನ್ನೊಂದು ಹೆಸರು ನುಸುಳಿತಾ? ಬೇಕು. ಇನ್ನೊಂದು ದಾರಿ, ಒಡೆಯರನ್ನು ತೆಗೆದು ಅವರ ಬದಲು “ದೆಮ್” ಮತ್ತು “ದೇರ್” ಇಟ್ಟು ನೋಡುವುದು. “ವಿತ್ ದೆಮ್” ಕೂತರೆ ಗುರುತಿಲ್ಲ. “ವಿತ್ ದೇರ್ ಕೋಚ್” ಕೂತರೆ ಇದೆ. ಇದು ಎಲ್ಲಕ್ಕಿಂತ ಬೇಗ ಉತ್ತರ ಕೊಡುತ್ತದೆ.

ಗುಣವಾಚಕ, ಪ್ರಿಪೊಸಿಷನ್ ಎರಡೂ ಸೇರಿದಾಗ ವಾಕ್ಯ ಉದ್ದವಾಗಿ ಕಣ್ಣು ತಪ್ಪುತ್ತದೆ. “ಇನ್ ದಿ ಯಂಗರ್ ಚಿಲ್ಡ್ರನ್’ಸ್ ರೂಮ್.” “ಅಗೇನ್ಸ್ಟ್ ಹಿಸ್ ಓಲ್ಡ್ ಫ್ರೆಂಡ್ಸ್’ ವಿಶಸ್.” ಹೆದರಬೇಡಿ, ಹಿಂದಿನಿಂದ ಓದಿ. ಕೊನೆಯ ಹೆಸರು ಸೊತ್ತು. ಅದರ ಹಿಂದಿನದು ಒಡೆಯರು. ಅದರ ಹಿಂದೆ ಗುಣವಾಚಕ. ಎಲ್ಲದರ ಹಿಂದೆ ಪ್ರಿಪೊಸಿಷನ್.

ಕಾಲದ ಮಾತಿಗೂ ಇದೇ. “ಆಫ್ಟರ್ ಟೂ ಇಯರ್ಸ್”, ಎರಡು ವರ್ಷದ ನಂತರ, ಗುರುತಿಲ್ಲ. “ಆಫ್ಟರ್ ಟೂ ಇಯರ್ಸ್’ ವರ್ಕ್”, ಎರಡು ವರ್ಷದ ಕೆಲಸದ ನಂತರ, ಗುರುತಿದೆ. “ಇನ್ ತ್ರೀ ವೀಕ್ಸ್” ಮತ್ತು “ಇನ್ ತ್ರೀ ವೀಕ್ಸ್’ ಟೈಮ್” ಎರಡಕ್ಕೂ ಅರ್ಥ ಹೆಚ್ಚುಕಡಿಮೆ ಒಂದೇ, ಮೂರು ವಾರದಲ್ಲಿ. ಆದರೂ ಎರಡನೆಯದರಲ್ಲಿ “ಟೈಮ್” ಬಂದಿದೆ, ಅದಕ್ಕೇ ಗುರುತು.

ಸೊತ್ತು ಅಡಗಿ ಕೂತಾಗ

ನಿಯಮ ಮುರಿದ ಹಾಗೆ ಕಾಣುವ ಕೆಲವು ಜಾಗ ಇವೆ. “ವಿ ಸ್ಟೇಯ್ಡ್ ಅಟ್ ಮೈ ಗ್ರ್ಯಾಂಡ್‌ಪೇರೆಂಟ್ಸ್’.” ಮುಂದೆ ಏನೂ ಇಲ್ಲ, ಗುರುತು ಇದೆ! ಇಲ್ಲಿ “ಹೌಸ್” ಅನ್ನುವ ಪದ ಹೇಳದೆಯೇ ಅರ್ಥವಾಗುತ್ತದೆ. ಅಜ್ಜ ಅಜ್ಜಿಯ ಮನೆಯಲ್ಲಿ ಇದ್ದೆವು. “ಅಟ್” ಆದಮೇಲೆ ಜನರ ಹೆಸರು ಬಂದರೆ ಸಾಮಾನ್ಯವಾಗಿ ಮನೆಯೋ ಅಂಗಡಿಯೋ ಅಡಗಿರುತ್ತದೆ. ಈಗ ನನ್ನ ಮೇಲ್ ನೆನಪಿಸಿಕೊಳ್ಳಿ. “ವಿತ್” ಬದಲು “ಅಟ್” ಬರೆದಿದ್ದರೆ ಅದೇ ಗುರುತು ಸರಿಯಾಗುತ್ತಿತ್ತು. ಎರಡಕ್ಷರದ ಪದ ಬಿಟ್ಟು ನಾಲ್ಕಕ್ಷರದ್ದು ಹಾಕಿ ಮರ್ಯಾದೆ ಕಳೆದುಕೊಂಡೆ.

ಹೋಲಿಸುವಾಗಲೂ ಸೊತ್ತು ಅಡಗುತ್ತದೆ. “ಅನ್‌ಲೈಕ್ ದಿ ಅದರ್ ಟೀಮ್ಸ್’, ಅವರ್ ಪ್ಲಾನ್ ಈಸ್ ಸಿಂಪಲ್.” ಬೇರೆ ತಂಡಗಳದ್ದರ ಹಾಗಲ್ಲ, ನಮ್ಮ ಯೋಜನೆ ಸುಲಭ. ಗುರುತು ಬಿಟ್ಟರೆ ಯೋಜನೆಯನ್ನು ತಂಡಗಳಿಗೇ ಹೋಲಿಸಿದ ಹಾಗಾಗುತ್ತದೆ. ಕನ್ನಡದಲ್ಲಿ “ತಂಡಗಳ ಹಾಗಲ್ಲ”, “ತಂಡಗಳದ್ದರ ಹಾಗಲ್ಲ” ಇವೆರಡರ ನಡುವಿನ ವ್ಯತ್ಯಾಸವೇ ಇದು. “ದ್ದು” ಕೇಳಿಸಿದರೆ ಗುರುತು ಹಾಕಿ.

ಇನ್ನು “ಆಫ್”. ಇದು ತಾನೇ ಒಡೆತನ ಹೇಳುವ ಪದ. ಹಾಗಾದರೆ ಅದರ ಮುಂದೆ ಗುರುತು ಯಾಕೆ ಬೇಕು? ಸಾಮಾನ್ಯವಾಗಿ ಬೇಡ. “ದಿ ಹೆಲ್ತ್ ಆಫ್ ಮೈ ಪೇರೆಂಟ್ಸ್”, ಮುಗಿಯಿತು. ಆದರೆ “ಎ ಫ್ರೆಂಡ್ ಆಫ್ ಮೈ ಪೇರೆಂಟ್ಸ್’” ಅಂತ ಗುರುತು ಹಾಕಿ ಬರೆಯುವ ರೂಢಿ ಇಂಗ್ಲಿಷಿನಲ್ಲಿ ಹಳೆಯದು. ಗುರುತಿಲ್ಲದೆಯೂ ಅದು ಸರಿಯೇ. ನೀವು ಯಾವುದನ್ನಾದರೂ ಬಳಸಿ. ಒಂದು ಕಡೆ ಮಾತ್ರ ಅರ್ಥವೇ ಬದಲಾಗುತ್ತದೆ. “ಎ ಪಿಕ್ಚರ್ ಆಫ್ ಮೈ ಪೇರೆಂಟ್ಸ್” ಅಂದರೆ ಚಿತ್ರದೊಳಗೆ ಇರುವವರು ಅಪ್ಪ ಅಮ್ಮ. “ಎ ಪಿಕ್ಚರ್ ಆಫ್ ಮೈ ಪೇರೆಂಟ್ಸ್’” ಅಂದರೆ ಅವರ ಬಳಿ ಇರುವ ಚಿತ್ರಗಳಲ್ಲಿ ಒಂದು. ಅದರೊಳಗೆ ಹೂಕುಂಡ ಇದ್ದರೂ ಇರಬಹುದು.

“ಆಫ್” ಸೇರಿದ ಇನ್ನೊಂದು ಗಂಟು: ನನ್ನ ಸ್ನೇಹಿತರಲ್ಲಿ ಒಬ್ಬರ ಮನೆ. “ಒನ್ ಆಫ್ ಮೈ ಫ್ರೆಂಡ್’ಸ್ ಹೌಸ್” ಅಂತ ಬರೆಯುತ್ತೇವೆ. ಹೆಬ್ಬೆರಳಿಟ್ಟು ನೋಡಿ. “ಒನ್ ಆಫ್ ಮೈ ಫ್ರೆಂಡ್” ಉಳಿಯಿತು. ಒಬ್ಬನೇ ಸ್ನೇಹಿತನಲ್ಲಿ ಒಬ್ಬ! “ಒನ್ ಆಫ್ ಮೈ ಫ್ರೆಂಡ್ಸ್’ ಹೌಸ್” ಅಂದರೆ ಲೆಕ್ಕ ಸರಿಹೋದರೂ ಓದುವಾಗ ಮುಗ್ಗರಿಸುತ್ತದೆ. ಮನೆ ಒಬ್ಬರದೋ, ಎಲ್ಲರದೋ ಅಂತ. ನನ್ನ ಸಲಹೆ, ಈ ಗಂಟನ್ನು ಬಿಚ್ಚಲು ಕೂರಬೇಡಿ, ಕತ್ತರಿಸಿ. “ಎ ಫ್ರೆಂಡ್’ಸ್ ಹೌಸ್” ಅನ್ನಿ. ಸ್ನೇಹಿತರು ಹಲವರಿದ್ದಾರೆ ಅಂತ ಹೇಳಲೇಬೇಕಾದರೆ “ದಿ ಹೌಸ್ ಆಫ್ ಒನ್ ಆಫ್ ಮೈ ಫ್ರೆಂಡ್ಸ್”. “ಸಿಸ್ಟರ್ಸ್-ಇನ್-ಲಾ” ಥರದ ಪದಗಳಿಗೂ ಇದೇ ಉಪಾಯ. ಅಲ್ಲಿ ಬಹುವಚನದ ಎಸ್ ಮೊದಲ ಪದಕ್ಕೆ, ಒಡೆತನದ ಗುರುತು ಕೊನೆಯ ಪದಕ್ಕೆ. “ಸಿಸ್ಟರ್ಸ್-ಇನ್-ಲಾ’ಸ್” ಅನ್ನುವುದು ನಿಯಮದ ಪ್ರಕಾರ ಸರಿ, ಓದುವುದಕ್ಕೆ ಕಷ್ಟ.

ಗುರುತು ಬಿಟ್ಟುಕೊಟ್ಟ ಹೆಸರುಗಳು

ಇಷ್ಟೆಲ್ಲ ಕಲಿತ ಮೇಲೆ ಬೋರ್ಡು, ಕ್ಯಾಲೆಂಡರು ನೋಡಿದರೆ ತಲೆ ಕೆಡುತ್ತದೆ. ಲಂಡನ್ನಿನ ಪಿಕಡಿಲಿ ರೈಲು ಮಾರ್ಗದಲ್ಲಿ ಅಕ್ಕಪಕ್ಕದ ಎರಡು ನಿಲ್ದಾಣಗಳಿವೆ. ಒಂದು “ಅರ್ಲ್’ಸ್ ಕೋರ್ಟ್”, ಗುರುತಿದೆ. ಇನ್ನೊಂದು “ಬ್ಯಾರನ್ಸ್ ಕೋರ್ಟ್”, ಇಲ್ಲ. ಅಮೆರಿಕದಲ್ಲಿ ನವೆಂಬರ್ 11ರ “ವೆಟರನ್ಸ್ ಡೇ” ಸರ್ಕಾರಿ ಬರಹದಲ್ಲಿ ಗುರುತಿಲ್ಲದೆ ಬರುತ್ತದೆ. ಮಾರ್ಚ್ 8ರ “ವಿಮೆನ್’ಸ್ ಡೇ” ಮತ್ತು ಅಕ್ಟೋಬರ್ 5ರ “ವರ್ಲ್ಡ್ ಟೀಚರ್ಸ್’ ಡೇ” ಗುರುತು ಇಟ್ಟುಕೊಂಡಿವೆ. ಬ್ರಿಟನ್ನಿನ ಪುಸ್ತಕದ ಅಂಗಡಿ ವಾಟರ್‌ಸ್ಟೋನ್ಸ್ 2012ರಲ್ಲಿ ತನ್ನ ಹೆಸರಿನಿಂದ ಗುರುತು ಕಿತ್ತು ಹಾಕಿತು. ಅಮೆರಿಕದಲ್ಲಿ ಊರು, ಬೆಟ್ಟಗಳ ಅಧಿಕೃತ ಹೆಸರು ನಿರ್ಧರಿಸುವ ಮಂಡಳಿ 1890ರಲ್ಲಿ ಶುರುವಾದಾಗಿನಿಂದಲೂ ಒಡೆತನದ ಅಪಾಸ್ಟ್ರಫಿಯನ್ನು ದೂರವೇ ಇಟ್ಟಿದೆ.

ಕಾರಣ ಇದೆ. ಇಂಥ ಕಡೆ ಬಹುವಚನದ ಪದ ಒಡೆಯರಾಗಿ ಇರದೆ ಬರೀ ಗುಣ ಹೇಳುವ ಪದವಾಗಿ ಬಿಡುತ್ತದೆ. ಯಾರ ದಿನ ಅನ್ನುವುದಕ್ಕಿಂತ ಎಂಥ ದಿನ ಅನ್ನುವುದು ಮುಖ್ಯ. ಚಿಲ್ಡ್ರನ್, ವಿಮೆನ್ ಥರದ ಪದಗಳು ಮಾತ್ರ ಗುರುತು ಬಿಡುವುದು ಕಷ್ಟ, ಅವುಗಳಿಗೆ ಬಹುವಚನದ ಎಸ್ ಇಲ್ಲವಲ್ಲ. ಗುರುತಿನ ಇತಿಹಾಸವೂ ಸೇರಿಕೊಂಡಿದೆ. 16ನೇ ಶತಮಾನದಲ್ಲಿ ಅದು ಇಂಗ್ಲಿಷಿಗೆ ಬಂದದ್ದು ಬಿಟ್ಟುಹೋದ ಅಕ್ಷರದ ಜಾಗ ತೋರಿಸಲು. ಹಳೆ ಇಂಗ್ಲಿಷಿನ ಏಕವಚನದ ಒಡೆತನದಲ್ಲಿ ಎಸ್ ಹಿಂದೆ ಒಂದು ಇ ಇತ್ತು. ಅದು ಬಿದ್ದುಹೋದ ಜಾಗದಲ್ಲಿ ಗುರುತು ಕೂತಿತು ಅನ್ನಬಹುದು. ಬಹುವಚನದಲ್ಲಿ ಹಾಗೆ ಬಿದ್ದ ಅಕ್ಷರ ಯಾವುದೂ ಇಲ್ಲ. ಅದಕ್ಕೇ ಎಸ್ ಆದಮೇಲಿನ ಗುರುತು ನೆಲೆನಿಲ್ಲಲು 18ನೇ ಶತಮಾನದ ಕೊನೆ, 19ನೆಯದರ ಹೊತ್ತು ಬೇಕಾಯಿತು. ನಮಗೆ ಬೇಕಾದದ್ದು ಇಷ್ಟು: ಸಂಸ್ಥೆಯ, ಜಾಗದ, ಹಬ್ಬದ ಹೆಸರಾದರೆ ಅವರು ಹೇಗೆ ಬರೆಯುತ್ತಾರೋ ಹಾಗೆ. ನಮ್ಮ ಸ್ವಂತ ವಾಕ್ಯವಾದರೆ ನಿಯಮದ ಹಾಗೆ.

ಒಂದಿಷ್ಟು ಕೈ ಪಳಗಿಸಲು

ಉತ್ತರ ಓದುವ ಮೊದಲು ಒಂದು ಕಾಗದದಲ್ಲಿ ಬರೆದು ನೋಡಿ.

ತಂಗಿಯರ ಬಗ್ಗೆ ಬರೆದೆ. “ಐ ರೋಟ್ ಅಬೌಟ್ ಮೈ ಸಿಸ್ಟರ್ಸ್.” ಸೊತ್ತಿಲ್ಲ, ಗುರುತಿಲ್ಲ.

ಇಬ್ಬರು ವೈದ್ಯರ ಸಲಹೆಯ ಮೇರೆಗೆ. “ಆನ್ ಟೂ ಡಾಕ್ಟರ್ಸ್’ ಅಡ್ವೈಸ್.” ಇಬ್ಬರು ಅಂತ ಹೇಳಿದ್ದರಿಂದ ಬಚಾವ್. ಬರೀ “ವೈದ್ಯರ ಸಲಹೆ” ಅಂದಿದ್ದರೆ ತಲೆ ಎಣಿಸಬೇಕಿತ್ತು.

ಪ್ರಿನ್ಸಿಪಾಲರ ಕೋಣೆಯಲ್ಲಿ. “ಇನ್ ದಿ ಪ್ರಿನ್ಸಿಪಲ್’ಸ್ ರೂಮ್.” ಒಬ್ಬರೇ ಇರುವುದು.

ಮೂರು ದಿನದ ಪ್ರಯಾಣದ ನಂತರ. “ಆಫ್ಟರ್ ತ್ರೀ ಡೇಸ್’ ಟ್ರಾವೆಲ್.” “ಜರ್ನಿ” ಬಳಸುವ ಆಸೆಯಿದ್ದರೆ “ಆಫ್ಟರ್ ಎ ತ್ರೀ-ಡೇ ಜರ್ನಿ”.

ಪುಟ್ಟ ಮಕ್ಕಳ ಹೊಸ ಆಟಿಕೆಗಳ ಮೇಲೆ. “ಆನ್ ದಿ ಲಿಟಲ್ ಚಿಲ್ಡ್ರನ್’ಸ್ ನ್ಯೂ ಟಾಯ್ಸ್.” ಪುಟ್ಟದು ಮಕ್ಕಳ ಹಿಂದೆ, ಹೊಸದು ಆಟಿಕೆಯ ಹಿಂದೆ. ಟಾಯ್ಸ್‌ಗೆ ಗುರುತು ಹಾಕಿದವರು ಹೆಜ್ಜೆ 5ಕ್ಕೆ ವಾಪಸ್ ಹೋಗಿ. ಕನ್ನಡದ “ಆಟಿಕೆಗಳ ಮೇಲೆ” ನಿಮ್ಮನ್ನೂ ಹಿಡಿದಿದೆ.

ಕೊನೆಯದು ನನ್ನದೇ. ಅಪ್ಪ ಅಮ್ಮನ ಜೊತೆ, ಅಪ್ಪ ಅಮ್ಮನ ಮನೆಯಲ್ಲಿ ಇರುತ್ತೇನೆ. “ಐ ವಿಲ್ ಬಿ ವಿತ್ ಮೈ ಪೇರೆಂಟ್ಸ್, ಅಟ್ ಮೈ ಪೇರೆಂಟ್ಸ್’.”